ಎಷ್ಟು ಬಂದ್ರೆ ಪಾಸು

ಬೆಳಗ್ಗೆ ಆರೂಕಾಲು. ಮಂಡ್ಯದ ಕ್ರೀಡಾಂಗಣದ ಮೆಟ್ಟಿಲ ಮೇಲೆ
ಮೂವತ್ತೊಂದು ಪ್ರಶ್ನೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.
ಯಾರದೋ ಬೆವರು ಬಿದ್ದು
ಏಳನೆಯದು ಆಗಲೇ ಅಲಿಸಿಹೋಗಿದೆ.

ಹದಿಮೂರರಿಂದ ಹದಿನೇಳರ ಕ್ರೀಡಾಪಟುಗಳು,
ಊಟದ ಆ್ಯಪು, ಮನಸ್ಸಿನ ನೆಮ್ಮದಿ: ಇದು ತಲೆಬರಹ.
ನೆಮ್ಮದಿಗೆ ಸೊನ್ನೆಯಿಂದ ಮೂರರವರೆಗೆ ಅಂಕ.
ಹೇಗೆ ಅಂತ ನನ್ನನ್ನು ಕೇಳಬೇಡಿ,
ನನಗೆ ಫಾರಮ್ಮಿಗೆ ನಲವತ್ತೈದು ರೂಪಾಯಿ.

ಇಪ್ಪತ್ತೆರಡನೇ ಫಾರಮ್ಮು, ಧರಣಿ.
ಕೀಲಾರದವಳು. ಎಂಟುನೂರು ಮೀಟರು.
ಸುತ್ತು ಮುಗಿಸಿ ಬಂದು ಪಕ್ಕದಲ್ಲಿ ಕೂತಾಗ
ಮೊಣಕೈ ಮೂಳೆ ನನ್ನ ಪಕ್ಕೆಗೆ ಚುಚ್ಚಿತು.
"ಸಾರಿ ಅಕ್ಕ."

ಕೇಳುವ ಮೊದಲೇ ಫೋನು ತೋರಿಸಿದಳು.
ಪರದೆಯಲ್ಲೊಂದು ಬಳೆ,
ಉಂಡಷ್ಟೂ ತುಂಬುತ್ತದೆ, ಮೀರಿದರೆ ಕೆಂಪು.
"ಅರವತ್ತೆರಡು ದಿನ ಆಯ್ತು ಅಕ್ಕ,
ಒಂದ್ಸಲಾನೂ ಕೆಂಪು ಮಾಡಿಲ್ಲ."

ಆ್ಯಪಿಗೆ ಪಾಸ್ತಾ ಗೊತ್ತು, ಓಟ್ಸ್ ಗೊತ್ತು,
ಆವಕಾಡೊ ಅರ್ಧವೋ ಪೂರ್ತಿಯೋ ಎಂದು ಕೇಳುವ ನಯ ಗೊತ್ತು.
ಉಪ್ಸಾರು ಗೊತ್ತಿಲ್ಲ.
ಮುದ್ದೆ ಅಂದರೆ 'ಒಂದು, ಮಧ್ಯಮ' ಅನ್ನುತ್ತದೆ.
ಯಾರ ಕೈಯ ಮಧ್ಯಮ?
ಅವ್ವನದೋ, ಹಾಸ್ಟೆಲಿನ ಕೆಂಪಮ್ಮನದೋ?
ಅದಕ್ಕೇ ಧರಣಿ ಉಗುರಿನಲ್ಲಿ ಗೀರಿ ನಾಲ್ಕು ಪಾಲು ಮಾಡುತ್ತಾಳೆ.
ಒಂದನ್ನು ನುಂಗುತ್ತಾಳೆ.
ಮೂರು, ನಲ್ಲಿಕಟ್ಟೆಯ ನಾಯಿಗೆ.
"ನಾಯಿ ಮಾತ್ರ ದಪ್ಪಗಾಗೈತೆ" ಎಂದು ನಕ್ಕಳು,
ನಾನೂ ನಕ್ಕೆ, ಆಮೇಲೆ ನಗಬಾರದಿತ್ತು ಅನಿಸಿತು.

ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆಯ ಉರಿ ನೋಡುವವನು.
ಹಲ್ಲು ಬರುವ ಮೊದಲೇ ಮಗಳ ನಾಲಿಗೆಗೆ
ಬಿಸಿ ಪಾಕ ಸವರಿದವನು.
ಜಿಲ್ಲೆಗೆ ಮೊದಲು ಬಂದ ದಿನ
ಅಚ್ಚುಬೆಲ್ಲ ಒಡೆದು ಬೀದಿಗೆಲ್ಲ ಹಂಚಿದವನು.
ಹೋದ ಭಾನುವಾರ ಪೇಪರಿನಲ್ಲಿ ಸುತ್ತಿ
ಒಂದು ಉಂಡೆ ತಂದಿದ್ದನಂತೆ.
"ತಿಂದ್ಯಾ?"
"ಟ್ರಂಕಲ್ಲಿ ಇಟ್ಟಿವ್ನಿ. ರಾತ್ರಿ ತಗ್ದು ಮೂಸ್ತೀನಿ.
ಮೂಸೋದಕ್ಕೆ ಲೆಕ್ಕ ಇಲ್ವಲ್ಲ ಅಕ್ಕ?"

ಹನ್ನೊಂದನೆಯದು: ಕಳೆದ ಎರಡು ವಾರದಲ್ಲಿ
ಯಾವುದರಲ್ಲೂ ಆಸಕ್ತಿಯಿಲ್ಲ ಅನಿಸಿದ್ದುಂಟೆ?
"ಸೊನ್ನೆ."
ನಿದ್ದೆ ಬಾರದೆ...
"ಸೊನ್ನೆ."
ನಿನ್ನ ಬಗ್ಗೆ ನಿನಗೇ...
"ಸೊನ್ನೆ ಹಾಕಿ ಅಕ್ಕ."
ಪಿಸ್ತೂಲು ಸಿಡಿಯುವ ಮುಂಚೆಯೇ ಗೆರೆ ದಾಟಿದ ಹಾಗೆ.
ಲೇಸು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು.
"ಇದ್ರಲ್ಲಿ ಎಷ್ಟು ಬಂದ್ರೆ ಪಾಸು?"

ಪಾಸಿಲ್ಲ, ಫೇಲಿಲ್ಲ, ಅಂದೆ.
ನಂಬಲಿಲ್ಲ.
ತೂಕದ ಯಂತ್ರಕ್ಕೆ ಪಾಸಿದೆ, ಸ್ಟಾಪ್‌ವಾಚಿಗಿದೆ,
ಚೆಲುವರಾಜು ಸರ್ ಹುಬ್ಬಿಗೂ ಇದೆ,
ನನ್ನ ಕಾಗದಕ್ಕೆ ಮಾತ್ರ ಯಾಕಿಲ್ಲ?

ಇಪ್ಪತ್ತೇಳನೆಯದು, ಮುಟ್ಟು.
"ಯುಗಾದಿ ಆದ್ಮೇಲೆ ಆಗಿಲ್ಲ.
ಒಳ್ಳೇದೇ ಅಲ್ವ, ಓಟಕ್ಕೆ?"
ನಾಡಿದ್ದು ಗೌರಿಹಬ್ಬ.
ಫಾರಮ್ಮಿನ ಕೆಳಗೆ ಬೆರಳು ಮಡಿಸಿದೆ. ಐದು.

ಕೈಪಿಡಿ ಹೇಳುತ್ತದೆ:
ಸಂದರ್ಶಕರು ಸಲಹೆ ಕೊಡತಕ್ಕದ್ದಲ್ಲ,
ಮುಖದಲ್ಲಿ ಅಚ್ಚರಿ ತೋರತಕ್ಕದ್ದಲ್ಲ,
ಅಗತ್ಯ ಕಂಡಲ್ಲಿ ಹಳದಿ ಚೀಟಿ ಕೊಡತಕ್ಕದ್ದು.
ನನ್ನ ಮುಖ ಏನು ಮಾಡಿತೋ ಕಾಣೆ.
"ಅದು ಒಳ್ಳೇದಲ್ಲ ಕಣವ್ವ" ಅಂದುಬಿಟ್ಟೆ.
"ಬುಧವಾರ ದೊಡ್ಡಾಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ."
ಫಾರಮ್ಮಿಗೆ ನಲವತ್ತೈದು, ಇದಕ್ಕೆ ಖಾತೆಯಿಲ್ಲ.

ಸರ್ ಸೀಟಿ ಊದಿದರು.
ಚೀಟಿಯನ್ನು ಎಂಟು ಮಡಿಕೆ ಮಡಿಸಿ
ಕಾಲುಚೀಲದೊಳಕ್ಕೆ ತುರುಕಿ ಎದ್ದಳು.
"ಬುಧವಾರ ಟ್ರಯಲ್ಸ್ ಐತೆ ಅಕ್ಕ."
ಹೂಂ ಅಲ್ಲ, ಊಹೂಂ ಅಲ್ಲ, ಅಷ್ಟೇ ಹೇಳಿ
ಓಡಿದಳು.
ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದಾಗ
ತಿರುವಿನಲ್ಲಿ ಒಂದು ಗಳಿಗೆ ತಲೆ ಎತ್ತಿದ ಹಾಗಿತ್ತು.
ನನ್ನ ಭ್ರಮೆಯೂ ಇರಬಹುದು.

ಒಟ್ಟು ಕೂಡಿದರೆ ಅವಳ ಅಂಕ ಎರಡು.
ವರದಿಯಲ್ಲಿ 'ತೊಂದರೆಯಿಲ್ಲ' ಎಂಬ ಸಾಲಿಗೆ ಸೇರುತ್ತಾಳೆ.
ಅಂಚಿನಲ್ಲಿ, 'ಇಲ್ಲಿ ಬರೆಯಬೇಡಿ' ಎಂದಿರುವ ಕಡೆ,
ಪೆನ್ನು ಒತ್ತಿ ಬರೆದೆ:
ಟ್ರಂಕಿನಲ್ಲಿ ಬೆಲ್ಲ ಇದೆ.